ನಲವತ್ತೊಂದು ನಿಮಿಷ

ಇಲ್ಲಿಯವರು ಇದನ್ನು ಓಢಾ ಅನ್ನುತ್ತಾರೆ,
ಕೋಲು ಹಿಡಿಯುವ ಭೀಮಶ್ಯಾ ಹಳ್ಳ ಅನ್ನುತ್ತಾನೆ,
ಕಾರ್ಪೊರೇಶನ್ನಿನ ನಕ್ಷೆಯಲ್ಲಿ ಹದಿನೇಳನೇ ನಂಬರಿನ ನಾಲಾ,
ದಂಡೆಯ ಮೇಲೆ ಏಳುತ್ತಿರುವ ಹದಿನಾಲ್ಕು ಮಹಡಿಯ ಫಲಕದಲ್ಲಿ
ರಿವರ್ ವ್ಯೂ.
ನೀರಿಗೆ ಗೊತ್ತಿರುವುದು ಇಳಿಜಾರು ಒಂದೇ.

ಕಾತ್ರಜದ ಗುಡ್ಡದ ಕೆಳಗೆ ಮೇ ತಿಂಗಳ ಬಿಸಿಲು.
ಮುಕ್ಕಾಲಿಯ ಮೇಲೆ ಲೆವೆಲ್ ಯಂತ್ರ ಕೂರಿಸಿ
ಗುಳ್ಳೆ ನಡುವಿಗೆ ಬರುವ ತನಕ ತಿರುಪು ತಿರುಗಿಸುತ್ತೇನೆ.
ಒಣಗಿದ ತಳದಲ್ಲಿ ಒಂದು ಗಾದಿ, ಗಣಪತಿಯ ಅರ್ಧ ಸೊಂಡಿಲು,
ಥರ್ಮಾಕೋಲು, ಹಂದಿಗಳು.
ಮೋರಿಯ ಬಾಯಿ, ಅಗಲ ಎರಡು ಮೀಟರ್ ನಲವತ್ತು,
ಎಂದು ಬರೆದುಕೊಂಡೆ. ಭೀಮಶ್ಯಾ ಹೂಳಿನಲ್ಲಿ ಕೋಲು ಊರಿ
'ಬಾಯಿ ಅದರಿ ಮೇಡಂ, ಗಂಟಲಾ ಕಟ್ಟ್ಯದ' ಅಂದ.
ಅದಕ್ಕೆ ಕಾಲಂ ಇರಲಿಲ್ಲ. ಷರಾದಲ್ಲಿ ಬರೆದೆ.

ಆಮೇಲೆ ಮನೆ ಮನೆ. ಒಂದೇ ಪ್ರಶ್ನೆ: ನೀರು ಎಲ್ಲಿಯವರೆಗೆ ಬಂದಿತ್ತು?
ಯಾರೂ ಮೀಟರಿನಲ್ಲಿ ಹೇಳುವುದಿಲ್ಲ.
ಗ್ಯಾಸಿನ ಕಟ್ಟೆ ಮುಳುಗಿತ್ತು. ಸ್ವಿಚ್ಚಿನ ಬುಡಕ್ಕೆ.
ಅತ್ತೆಯ ಕುತ್ತಿಗೆಗೆ, ಕೂತಿದ್ದರು, ಏಳಲಿಕ್ಕೆ ಆಗುತ್ತಿರಲಿಲ್ಲ.
ಟೇಪು ಹಿಡಿದು ನಿಂತ ನಾನು
ಕೂತ ಮುದುಕಿಯ ಕುತ್ತಿಗೆ ನೆಲದಿಂದ ಎಷ್ಟು ಎಂದು
ಕೇಳಲಾರದೆ, ಅಂದಾಜಿಗೆ ಸೊನ್ನೆ ಪಾಯಿಂಟ್ ಆರು ಬರೆದೆ.

ಮಲಕಮ್ಮನ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ಲಿನ ಗೆರೆಗಳಿದ್ದವು,
ದೀಪಾವಳಿಗೊಂದು, ಜಗದೇವಿ ಬೆಳೆದದ್ದು.
ಆರನೆಯ ಗೆರೆಗಿಂತ ಎರಡು ಬೆರಳು ಮೇಲೆ
ಕಂದು ಬಣ್ಣದ ಇನ್ನೊಂದು, ಯಾರೂ ಎಳೆಯದ್ದು,
ಚೌಕಟ್ಟು ದಾಟಿ ಗೋಡೆಯ ಉದ್ದಕ್ಕೂ
ನನ್ನ ಯಂತ್ರಕ್ಕಿಂತ ಸಮ.
'ಆಗ ಇವಳಿಗೆ ಎಷ್ಟು ವರ್ಷ?'
'ಐದು. ಅಟ್ಟದ ಮ್ಯಾಲ ಕುಂದ್ರಿಸಿದ್ದೆ,
ರೊಟ್ಟಿ ಬುಟ್ಟಿ ಸಂಗಟ.'

ಅಂಥ ಮಳೆ ಇಪ್ಪತ್ತೈದು ವರ್ಷಕ್ಕೊಮ್ಮೆ ಎಂದು ವಿವರಿಸಿದೆ.
ಅವಳು ನಾಲ್ಕು ಬೆರಳು ಮಡಚಿದಳು.
'ಹಂಗಾರ ಈ ಮನ್ಯಾಗ ನಂದು ನೂರು ವರ್ಷ ಆತೇನ್ರಿ?'

ರಾತ್ರಿ, ಗುಡ್ಡದ ನೆತ್ತಿಯ ಫ್ಲ್ಯಾಟಿನಲ್ಲಿ ಲೆಕ್ಕಕ್ಕೆ ಕೂತೆ.
ಮಳೆಯ ರಭಸ ಗುಣಿಸು ಕ್ಷೇತ್ರ ಗುಣಿಸು ಒಂದು ಗುಣಾಂಕ.
ಹುಲ್ಲಿದ್ದ ಗರಸಿಗೆ ಸೊನ್ನೆ ಪಾಯಿಂಟ್ ಮೂರು,
ಅಂದರೆ ಹತ್ತು ಕೊಡದಲ್ಲಿ ಏಳನ್ನು ನೆಲ ಕುಡಿಯುತ್ತದೆ.
ಕಾಂಕ್ರೀಟಿಗೆ ಪಾಯಿಂಟ್ ಒಂಬತ್ತು. ಅದಕ್ಕೆ ಬಾಯಾರಿಕೆ ಇಲ್ಲ.
ಪರದೆಯ ಮೇಲೆ ಜಲಾನಯನದ ಗೆರೆ ಎಳೆಯುತ್ತ ಬಂದ ಮೌಸು
ದಿಬ್ಬದ ಬೆನ್ನು ಹಿಡಿದು, ನೀರಿನ ಟಾಕಿ ಬಳಸಿ,
ನಮ್ಮ ಬಿಲ್ಡಿಂಗನ್ನು ಒಳಗೆ ಹಾಕಿಕೊಂಡಿತು.
ಪಾರ್ಕಿಂಗಿನ ಟೈಲ್ಸು. ಬಿಳಿ ಬಳಿದ ತಾರಸಿ.
ಹೋದ ವರ್ಷ ಸೊಸೈಟಿ ಮೀಟಿಂಗಿನಲ್ಲಿ ನಾನೂ ಕೈಯೆತ್ತಿದ್ದೆ,
ಕೆಸರಾಗುತ್ತದೆಂದು ತೋಟದ ಜಾಗಕ್ಕೆ ಪೇವರ್ ಹಾಕಿಸಲಿಕ್ಕೆ.
ಅಲ್ಲಿಂದ ಮಲಕಮ್ಮನ ಹೊಸ್ತಿಲಿಗೆ
ನೀರು ತಲುಪುವ ಹೊತ್ತು ನಲವತ್ತೊಂದು ನಿಮಿಷ.
ಎರಡು ಸಲ ಮಾಡಿದೆ. ನಲವತ್ತೊಂದೇ.

ವರದಿ ಕೊಟ್ಟೆ, ಕೆಂಪು ಕಿತ್ತಳೆ ಹಳದಿ ತುಂಬಿ.
ಕೆಂಪು ಸ್ವಲ್ಪ ಕಡಿಮೆ ಮಾಡಬಹುದೇ ಎಂದರು ಸಾಹೇಬರು.

ಜೂನ್ ಕೊನೆಯ ಒಂದು ಸಂಜೆ
ತಾರಸಿಯ ಪೈಪು ಕೆಮ್ಮಿ ಗಂಟಲು ಸರಿಮಾಡಿಕೊಂಡಿತು.
ಆರು ಗಂಟೆ ಹತ್ತು. ಫೋನು ಮಾಡಿದೆ.
'ಮಲಕಮ್ಮ, ಇನ್ನು ನಲವತ್ತು ನಿಮಿಷಕ್ಕೆ...'
'ಗೊತ್ತಾಗ್ಯದ ಬಿಡ್ರಿ.' ಹಿಂದೆ ಪಾತ್ರೆ ಏರಿಸುವ ಸದ್ದು.
'ಇಲಿ ಆಗಲೇ ಮ್ಯಾಲ ಬಂದಾವ. ಅವು ನಿಮಗಿಂತ ಮೊದಲ.
ಜಗದೇವಿ, ಆ ಹಿಟ್ಟಿನ ಡಬ್ಬಿ ಕೊಡು ಇಲ್ಲಿ.'

ಫೋನು ಇಡಲಿಲ್ಲ ಅವಳು, ಮರೆತಳೋ ಏನೋ.
ಕಿವಿಯಲ್ಲಿ ಅವಳ ತಗಡಿನ ಮೇಲಿನ ಮಳೆ,
ಕೆಳಗೆ ನಮ್ಮ ಪೇವರಿನದು.
ನಾನೂ ಇಡಲಿಲ್ಲ.