ಮೂರನೆಯ ಬರ್ನರ್

ಹದಿನೇಳು ವರ್ಷ
ಹಾಲು ಉಕ್ಕಿದರೂ ಕುರ್ಚಿ ಬಿಟ್ಟೇಳದ ಮನುಷ್ಯ
ಹಿತ್ತಲಿಗೆ ಇದು ಬಂದ ದಿನ
ಮೊಣಕಾಲೂರಿ ಕೂತು
ಕೈಪಿಡಿಯ ನಲವತ್ತು ಪುಟ ಓದಿದರು.
ಒಂದೊಂದೇ ತಿರುಪು ಎಣಿಸಿ ತಟ್ಟೆಯಲ್ಲಿಟ್ಟರು.
ಎರಡು ಉಳಿದವು.
ಈಗಲೂ ಇವೆ, ನನ್ನ ಸೂಜಿದಾರದ ಡಬ್ಬಿಯಲ್ಲಿ.

ನಾಲ್ಕು ಬರ್ನರ್, ಎರಡು ಗಾಲಿ, ಕಬ್ಬಿಣದ ಹಲಗೆ,
ಮುಚ್ಚಳದ ಮೇಲೆ ಜ್ವರ ಅಳೆಯುವ ಮುಳ್ಳು.
ಬೆಂಡಿಗೋದ ನಮ್ಮ ಬೀದಿಯಲ್ಲಿ
ಒಳಗಿನ ಉರಿ ಹೆಂಗಸರದು, ಹೊರಗಿನದು ಗಂಡಸರದು;
ಯಾರೂ ಬರೆದಿಡದ ಕಾಯಿದೆ.
ಶನಿವಾರ ಸಂಜೆ ಬೇಲಿ ಬೇಲಿಯ ಹಿಂದೆ
ಒಬ್ಬೊಬ್ಬ ಗಂಡಸು ಚಿಮುಟ ಹಿಡಿದು
ಹೊಗೆ ನೋಡುತ್ತ ನಿಂತಿರುತ್ತಾನೆ,
ಯಾರೋ ಹೆಸರು ಹಿಡಿದು ಕರೆಯಲೆಂದು ಕಾಯುವವನ ಹಾಗೆ.

ಇವರೂ ನಿಂತರು.
ತಂತಿಯ ಬ್ರಷ್ಷಿನಲ್ಲಿ ಸರಳು ಸರಳು ತಿಕ್ಕಿದರು,
ನನ್ನ ಹಂಚಿನ ತಳ ಒಮ್ಮೆಯೂ ಕಾಣದವರು.
ತೆನೆ ಸುಟ್ಟರು, ಕೋಳಿಯ ಕಾಲು ಸುಟ್ಟರು,
ಒಂದು ಸಲ ಹುಬ್ಬನ್ನೂ.
ನಾನು ಬದನೆಕಾಯಿ ಒಯ್ದರೆ
“ಇಲ್ಲಿಡು, ನಾ ನೋಡ್ಕೋತೇನಿ.”
ನೋಡಿಕೊಂಡರು. ಇದ್ದಿಲಾಯಿತು.

ಜುಲೈ.
ಹುಲ್ಲಿನ ಮೇಲೆ ಉಪ್ಪು ಚೆಲ್ಲಿದಂತೆ ಹಿಮ.
ಹಾಲಿನ ಟ್ಯಾಂಕರ್ ಹೊಡೆದುಕೊಂಡು ಎಚುಕಾದ ಕಡೆ ಹೋದವರು
ಬೆಳಗಿನ ಏಳಕ್ಕೂ ಬಂದಿರಲಿಲ್ಲ.
ಒಳಗಿನ ಕರೆಂಟಿನ ಒಲೆಯ ಮೇಲೆ ರೊಟ್ಟಿ ಎಂದೂ ಉಬ್ಬಿದ್ದಿಲ್ಲ:
ಬಿಸಿಯಿದೆ, ಉರಿಯಿಲ್ಲ,
ಮಾತು ಬಿಟ್ಟು ಸಿಟ್ಟಾದವರ ಹಾಗೆ.
ಗೋಧಿ ಆಗದವರ ದುಬಾರಿ ಅಂಗಡಿಯ ಜೋಳದ ಹಿಟ್ಟನ್ನು
ಕುದಿನೀರಲ್ಲಿ ನಾದಿ, ಪರಾತ ಹಿಡಿದು ಹಿತ್ತಲಿಗಿಳಿದೆ
ಇವರ ಬೂಟು ಮೆಟ್ಟಿಕೊಂಡು.

ಸಿಲಿಂಡರಿನ ಮೈಗೆ ಬಿಸಿನೀರು ಸುರಿದು
ಅಂಗೈಯನ್ನು ಮೇಲಿಂದ ಕೆಳಗಿಳಿಸಿದೆ.
ಬೆಚ್ಚಗೆ, ಬೆಚ್ಚಗೆ, ಬೆಚ್ಚಗೆ, ಥಟ್ಟನೆ ತಣ್ಣಗೆ.
ಅಲ್ಲಿಂದ ಕೆಳಗೆ ಗ್ಯಾಸು.
ಗದಗಿನಲ್ಲಿ ಅವ್ವನಿಗೆ ನೀರು ಬೇಕಿರಲಿಲ್ಲ.
ನಿದ್ದೆಯ ಕೂಸನ್ನು ಸರಿಸುವಂತೆ ಒಂದು ಬದಿ ಎತ್ತಿ
“ಇನ್ನ ಎಂಟ ದಿನಾ ಬರ್ತೈತಿ” ಅಂದರೆ
ಎಂಟೇ ದಿನ.

ಮೊದಲನೆಯದು ಭುಗ್ಗೆಂದಿತು. ಎರಡನೆಯದೂ.
ಮೂರನೆಯದು ಹಲ್ಲಿಯ ಹಾಗೆ ಲೊಚಗುಟ್ಟಿತು,
ಶಕುನವೋ ಅಪಶಕುನವೋ.
ಗುಂಡಿ ಮುಚ್ಚಿ, ಗಾಳಿಯಾಡಲು ಬಿಟ್ಟು,
ಕಡ್ಡಿ ಗೀರಿ ಹಿಡಿದೆ.
ನೀಲಿ.

ಬೇಲಿಯಾಚೆ ಗ್ವೆನ್,
ಕೈಯಲ್ಲಿ ಕೋಳಿಗಳ ಕಾಳಿನ ಡಬ್ಬಿ.
“ಅವನೆಲ್ಲಿ?” ಎಂದಳು, ನನ್ನನ್ನಲ್ಲ, ಒಲೆಯನ್ನು ನೋಡಿ.
ಇಲ್ಲವೆಂದೆ.
ಕಾಳಿನ ಡಬ್ಬಿ ಕೆಳಗಿಟ್ಟು
ಕಿರುಗುಟ್ಟದ ಹಾಗೆ ಗೇಟನ್ನು ಎತ್ತಿ ಸರಿಸಿ ಬಂದಳು.
ಮೂವತ್ತೊಂದು ವರ್ಷ
ಟ್ರೆವರ್ ಚಿಮುಟ ಮುಟ್ಟಗೊಟ್ಟಿಲ್ಲವಂತೆ.
ಮಸಾಲೆ ಸವರುವುದು, ಬ್ರೆಡ್ಡು ಕೊಯ್ಯುವುದು, ತಟ್ಟೆ ತೊಳೆಯುವುದು ಅವಳು;
“ಎಲ್ಲರೂ ಹೊಗಳುವುದು ಅವನ ಅಡುಗೆಯನ್ನು.”
ಎಲ್ಲರ ಮನೆ ದೋಸೆಯೂ ತೂತು ಎಂಬುದನ್ನು
ಇಂಗ್ಲಿಷಿಗೆ ಎಳೆದು ತಂದೆ.
ತೂತಷ್ಟೇ ದಾಟಿತು. ಆದರೂ ನಕ್ಕಳು.

ಹಲಗೆಯ ಮೇಲೆ ರೊಟ್ಟಿ ಹಾಕಿ ಒದ್ದೆ ಬಟ್ಟೆ ಸವರಿದೆ.
ಮಗುಚಿದೆ. ಸರಳಿಗೆ ದಾಟಿಸಿ
ಮೂರನೆಯ ಉರಿಗೆ ಒಡ್ಡಿದೆ.
ಉಬ್ಬಿತು.
“ಓ” ಅಂದಳು ಗ್ವೆನ್,
ಮರೆತ ಸಾಲ ತಾನಾಗಿ ಮನೆಗೆ ಬಂದವಳ ಹಾಗೆ.
ಮುಂದಿನದನ್ನು ಅವಳೇ ಎತ್ತಿದಳು. ಹರಿಯಿತು.
ಅದರ ಮುಂದಿನದು ಹರಿಯಲಿಲ್ಲ.
ಬೆಣ್ಣೆ ತರಲು ಓಡಿದಳು,
ಚಿಮುಟ ಕೈಯಲ್ಲೇ ಇತ್ತು.

ಇವರು ಒಂಬತ್ತಕ್ಕೆ ಬಂದರು.
ಮುಚ್ಚಳ ಎತ್ತಿದರು. ಸರಳುಗಳ ನಡುವೆ
ತೆಳ್ಳಗೆ, ಬಿಳಿ ಹಿಟ್ಟು.
“ಯಾರ ಹಚ್ಚ್ಯಾರ ಇದನ್ನ?
ಮೂರನೇದು ಹತ್ತೂದ ಇಲ್ಲಲ್ಲ!”

ರೊಟ್ಟಿಯ ಪಕ್ಕ ಶೇಂಗಾ ಚಟ್ನಿ ಬಡಿಸಿದೆ.
ಕಡ್ಡಿಪೆಟ್ಟಿಗೆ ಸ್ವೆಟರಿನ ಜೇಬಿನಲ್ಲಿತ್ತು;
ಅಲುಗಿದರೆ ಸದ್ದು ಮಾಡುವಂಥದ್ದು.
ಅವರು ಉಣ್ಣುವ ತನಕ
ಅಲುಗದೆ ಕೂತೆ.