ರಂಗಧಾಮನ ಪಣ

ಖಾತೆ ಪುಸ್ತಕ ನನ್ನ ಹತ್ತಿರವೇ ಇದೆ.
ಅವೆನ್ಯೂ ರಸ್ತೆಯಲ್ಲಿ ಕೊಂಡದ್ದು, ಕೆಂಪು ಬಟ್ಟೆಯ ರಟ್ಟು.
ಮೊದಲ ಪುಟದಲ್ಲಿ ಶುಭ ಲಾಭ ಅಂತ ಬರೆದು
ಅರಿಶಿನ ಹಚ್ಚಿದ್ದು ಪಾರ್ಶ್ವ; ಅವರಂಗಡಿಯ ರೂಢಿ.
ಆಮೇಲಿನ ಪುಟಗಳಲ್ಲೆಲ್ಲ ನಷ್ಟ.

ಕಬ್ಬನ್‌ಪೇಟೆಯ ಮಹಡಿ. ಕೆಳಗೆ ಮಗ್ಗ.
ಶನಿವಾರ ರಾತ್ರಿ ಆರು ಜನ, ಒಂದು ಚಾಪೆ,
ಒಂದೆಲೆ ಕಮ್ಮಿಯಿರುವ ಇಸ್ಪೀಟು ಕಟ್ಟು;
ಕಳಾವರ್ ಏಳರ ಬದಲಿಗೆ
ಯಾವುದೋ ದಂತವೈದ್ಯರ ವಿಳಾಸದ ಚೀಟಿ.
ಅದು ಯಾರ ಕೈಗೆ ಬಂತೆಂದು ಎಲ್ಲರಿಗೂ ಗೊತ್ತು,
ಗೊತ್ತಿಲ್ಲದ ಹಾಗೆ ಆಡುತ್ತೇವೆ.
ಪಣಕ್ಕೆ ಕಾಂಗ್ರೆಸ್ ಕಡಲೆಬೀಜ. ಬೀಜಕ್ಕೆ ನಾಲ್ಕಾಣೆ.
ನಡುರಾತ್ರಿಯ ಹೊತ್ತಿಗೆ ಗೆದ್ದವನು
ಅರ್ಧ ಗೆಲುವನ್ನು ತಿಂದು ಮುಗಿಸಿರುತ್ತಾನೆ.

ಪೋಕರ್ ಕಲಿಸಿದ್ದು ಸೆಲಿನ್, ಆರೋಗ್ಯಸ್ವಾಮಿಯ ತಂಗಿ,
ರಾಜ್ಯ ತಂಡದಲ್ಲಿ ಆಡಲು ಹೋದಾಗ ರೈಲಿನಲ್ಲಿ ಕಲಿತು ಬಂದದ್ದು.
"ಮುಖ ಕಲ್ಲು ಮಾಡ್ಕೊಳ್ರೋ," ಅನ್ನುತ್ತಾಳೆ.
ಶಫಿವುಲ್ಲಾನ ಮುಖವೇನೋ ಕಲ್ಲೇ,
ಒಳ್ಳೆ ಎಲೆ ಬಂದರೆ ಕಿವಿ ಕೆಂಪಗಾಗುತ್ತದೆ.
ರಂಗಧಾಮ ಸುಳ್ಳಾಡಲು ಹೋಗಿ
ತಾನೇ ಮೊದಲು ನಕ್ಕುಬಿಡುತ್ತಾನೆ.

ಜನವರಿ ಬಂತೆಂದರೆ ಅಂತರಕಾಲೇಜು ಬ್ಯಾಸ್ಕೆಟ್‌ಬಾಲ್.
ತಲೆಗೆ ಹತ್ತು ರೂಪಾಯಿ, ಬಿಸ್ಕತ್ ಡಬ್ಬಿಗೆ.
ಕಪ್ ಯಾರಿಗೆಂದು ಸರಿಯಾಗಿ ಹೇಳಿದವರಿಗೆ ಡಬ್ಬಿ.
ನಾವು ಗೆದ್ದೆತ್ತಿನ ಬಾಲ ಹಿಡಿಯುವ ಜನ:
ಜಯನಗರದವರು, ಇಲ್ಲವೇ ದಂಡಿನ ಕಡೆಯ ಆ ಎತ್ತರದ ಹುಡುಗರು.
ರಂಗಧಾಮ ಮಾತ್ರ, "ನಮ್ದೇ ಬರ್ಕೊಳೋ."

ನಮ್ದು ಅಂದರೆ
ಕಲಾಸಿಪಾಳ್ಯದ ಬಸ್ಸಿನ ಹೊಗೆ ಬಂದು ಕೂರುವ ಸಿಮೆಂಟಿನ ಅಂಗಳ,
ಬಲೆ ಹರಿದು ಬರೀ ಬಳೆಯಾದ ಎರಡು ರಿಂಗು,
ಮೂರು ವರ್ಷ ಅವನು ಕೂತು ಸವೆಸಿದ ಬೆಂಚು.
ಒಟ್ಟು ಆಡಿದ್ದು ನಾಲ್ಕು ನಿಮಿಷ. ಒಂದು ಫೌಲು.
ಆ ಫೌಲನ್ನು ಇವತ್ತಿಗೂ ಒಪ್ಪುವುದಿಲ್ಲ.

ಹತ್ತೊಂಬತ್ತು ವರ್ಷ ನಮ್ದೇ ಬರ್ಕೊಂಡೆ.
ನೂರ ತೊಂಬತ್ತು ರೂಪಾಯಿ, ಒಮ್ಮೆ ಕೂಡಿ ತೋರಿಸಿದೆ.
ಪೆನ್ಸಿಲಿನ ಆ ಮೊತ್ತವನ್ನು
ಬೆರಳಿಗೆ ಉಗುಳು ಹಚ್ಚಿಕೊಂಡು ಒರೆಸಿದ.

ಇಪ್ಪತ್ತನೆಯ ಜನವರಿ.
ಎಲೆ ಕಲೆಸುತ್ತಿದ್ದವನು, ತಲೆಯೆತ್ತದೆ, "ಜಯನಗರ" ಅಂದ.
ನನ್ನ ಪೆನ್ಸಿಲು ನಿಂತಿತು. ಮಗ್ಗ ನಿಲ್ಲಲಿಲ್ಲ.
"ಏನೋ, ಜ್ವರಾನಾ?" ಶಫಿ ಹಣೆ ಮುಟ್ಟಿ ನೋಡಿದ.
"ಬರ್ಕೊ ಅಂದ್ರೆ ಬರ್ಕೊ."

ಆ ವರ್ಷ ನಮ್ಮ ಕಾಲೇಜು ಗೆದ್ದಿತು.
ಕೊನೆಯ ಗಳಿಗೆ, ರಿಂಗಿನ ಮೇಲೆ ಗಿರಗಿರ ತಿರುಗಿದ ಚೆಂಡು,
ಅಂಥದ್ದೇನೂ ಇಲ್ಲ.
ಹನ್ನೊಂದು ಅಂಕ, ನೀಟಾಗಿ,
ಕುಳ್ಳ ಹುಡುಗರು, ಓಡಿ ಓಡಿ.
ಸೆಲಿನ್ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದಳು,
ಆರೋಗ್ಯ ಗುರುತಿಲ್ಲದ ಯಾರೋ ಮೇಷ್ಟರನ್ನು ತಬ್ಬಿಕೊಂಡ.
ರಂಗಧಾಮ ಕಟ್ಟೆಯ ಮೇಲೆ ಕೂತೇ ಇದ್ದ,
ಪೊಟ್ಟಣದಿಂದ ಒಂದೊಂದೇ ಬೀಜ ತೆಗೆಯುತ್ತ,
ಮುಖ ಕಲ್ಲು.
ಇಷ್ಟು ವರ್ಷಕ್ಕೆ ಒಂದೇ ಒಂದು ಸುಳ್ಳನ್ನು
ನಗದೆ ಕೊನೆತನಕ ಆಡಿದ್ದ.
ಎದುರಿಗೆ ಯಾರು ಎಲೆ ಹಿಡಿದು ಕೂತಿದ್ದರೋ,
ಅವರು ನಂಬಿ ಸೋತರು.

ಗೇಟು ದಾಟಿದ ಮೇಲೆ, ಆಟೋದಲ್ಲಿ, ಕಲ್ಲು ಒಡೆಯಿತು.
ನಗುವೋ ಅಳುವೋ ನಾವು ಕೇಳಲಿಲ್ಲ,
ಡ್ರೈವರು ಎರಡು ಸಲ ತಿರುಗಿ ನೋಡಿದ.

ಆ ಪುಟದಲ್ಲಿ ಆರು ಹೆಸರು, ಆರೂ ತಪ್ಪು.
ಡಬ್ಬಿಯ ಅರವತ್ತು ರೂಪಾಯಿಗೆ ವಾರಸುದಾರರಿಲ್ಲ.
ಬಿರಿಯಾನಿ ತರಿಸೋಣ ಅಂದ ಪಾರ್ಶ್ವ,
ಬಿರಿಯಾನಿ ತಿನ್ನದವನು.
ಯಾರೂ ಮುಚ್ಚಳಕ್ಕೆ ಕೈ ಹಾಕಲಿಲ್ಲ.

ಮರುವರ್ಷ ನಾವೂ ಕಲಿತೆವು.
ಆರು ಕಲ್ಲುಗಳು ಸಾಲಾಗಿ ಕೂತು
ಜಯನಗರ, ಜಯನಗರ, ಜಯನಗರ ಅಂತ ಬರೆಸಿದೆವು.
ನಮ್ಮವರು ಮೊದಲ ಸುತ್ತಿನಲ್ಲೇ
ಮೂವತ್ತು ಅಂಕದಿಂದ ಸೋತು ಮನೆಗೆ ಬಂದರು.

"ಎಲ್ಲಾ ಈ ಶಫಿ ಕಿವಿಯಿಂದ," ಅಂದ ರಂಗಧಾಮ,
ದಂತವೈದ್ಯರನ್ನು ಕಟ್ಟಿನೊಳಗೆ ತೂರಿಸಿ
ಎಲೆ ಹಂಚುತ್ತ.