ಬೆನ್ನಬರಹ

ಹಣೆಬರಹ ಅಳಿಸುವವರಿಲ್ಲ ಅನ್ನುತ್ತಾರಲ್ಲ,
ಬೆನ್ನಬರಹಕ್ಕೆ ನಾನಿದ್ದೇನೆ.
ಮಿಶಿಗನ್ನಿನ ಸ್ಯಾಗಿನಾ, ಹಳೇ ಕಾರಿನಂಗಡಿಯ ಹಿತ್ತಲು,
ಕೂದಲೊಣಗಿಸುವ ಯಂತ್ರ, ಪ್ಲಾಸ್ಟಿಕ್ ಉಳಿ, ಒಂದು ಬಾಟಲಿ ಸ್ಪಿರಿಟ್ಟು,
ಗಂಟೆಗೆ ಹದಿನಾರು ಡಾಲರ್.

ಮಾರಾಟಕ್ಕೆ ಬಂದ ಗಾಡಿ ಬಾಯಿ ಮುಚ್ಚಿಕೊಂಡು ಬರುವುದಿಲ್ಲ.
ಪಿಕಪ್ಪಿನ ಹಿಂಬಾಗಿಲ ತುಂಬ ಬಾವುಟ, ಬಂದೂಕು,
ಸೋತವನ ಹೆಸರು, ಅದರ ಮೇಲೆ ಗೆದ್ದವನ ಹೆಸರು.
ಪುಟ್ಟ ಹೈಬ್ರಿಡ್ಡಿನ ಮೇಲೆ ತಿಮಿಂಗಿಲ, ಗ್ರಂಥಾಲಯ,
ಯಾವುದೋ ಯುದ್ಧ ಬೇಡವೆಂದು.
ಆ ಯುದ್ಧ ಮುಗಿದು ಎಷ್ಟೋ ಕಾಲವಾಯಿತು.
ಮೊನ್ನೆ ಒಂದು ವಿದ್ಯುತ್ ಕಾರು, ಎರಡು ವರ್ಷವೂ ಆಗಿಲ್ಲ,
'ಕೊಂಡಾಗ ನಮಗೆ ಗೊತ್ತಿರಲಿಲ್ಲ' ಎಂದಷ್ಟೇ ಅಂಟಿಸಿಕೊಂಡು
ತಪ್ಪೊಪ್ಪಿಗೆಯ ಸಾಲಿನಲ್ಲಿ ಸದ್ದಿಲ್ಲದೆ ನಿಂತಿತ್ತು.

ಬಿಸಿಗಾಳಿ ಹಿಡಿದರೆ ಎಲ್ಲರ ಅಂಟೂ ಒಂದೇ ಹದಕ್ಕೆ ಮೆತ್ತಗಾಗುತ್ತದೆ.
ಮೂಲೆ ಎಬ್ಬಿಸಿ, ನಿಧಾನ, ಗಾಯದ ಪಟ್ಟಿ ಬಿಚ್ಚಿದ ಹಾಗೆ.
ಕೋಪದಲ್ಲಿ ಅಂಟಿಸಿದ್ದು ಬೇಗ ಬರುತ್ತದೆ, ಒಳಗೆ ಗುಳ್ಳೆಯಿರುತ್ತದೆ.
ತೊಳೆದು, ಒರೆಸಿ, ಅಳತೆ ನೋಡಿ ಅಂಟಿಸಿದವರದ್ದೇ ಕಷ್ಟ.

ಅಪ್ಪ ಮೂವತ್ತೊಂದು ವರ್ಷ ಸ್ಟೀರಿಂಗ್ ಕಾರ್ಖಾನೆಯಲ್ಲಿದ್ದ.
ಯೂನಿಯನ್ ಹಾಲಿನೆದುರು ಬೋರ್ಡು:
ಹೊರದೇಶದ ಕಾರು ಹೊರಗೇ ನಿಲ್ಲಲಿ.
ನನಗೆ ಎಂಟು ತುಂಬಿದ ಬೇಸಿಗೆ, ಅವರ ಪಿಕ್ನಿಕ್ಕಿನಲ್ಲಿ
ಹುಲ್ಲಿನ ಮೇಲೊಂದು ಹಳದಿ ಜಪಾನಿ ಕಾರು.
ಒಂದು ಡಾಲರಿಗೆ ಮೂರು ಏಟು,
ಡಬ್ಬಿ ಹಿಡಿದು ಕೂತವನು ಆರ್ವಿಲ್ ಟಿಬ್ಸ್.
ಎರಡು ಅಪ್ಪನೇ ಹೊಡೆದ. ಮೂರನೆಯದಕ್ಕೆ
ಸುತ್ತಿಗೆಯ ಹಿಡಿಗೆ ನನ್ನ ಕೈ ಹಚ್ಚಿ, ಮೇಲೆ ತನ್ನ ಕೈ ಇಟ್ಟ.
ಪಕ್ಕದ ಕನ್ನಡಿ ಸಿಡಿಯಿತು. ಚಪ್ಪಾಳೆ.
ಹಿಂದಿನ ಸೀಟಿನಲ್ಲಿ ಯಾವುದೋ ಮಗು ಬಿಟ್ಟ ಬಿಸ್ಕತ್ತಿನ ಚೂರಿತ್ತು.
ಕಂಡದ್ದನ್ನು ಯಾರಿಗೂ ಹೇಳಲಿಲ್ಲ.

ಈಗ ಮಂಗಳವಾರ, ಗುರುವಾರ, ಶನಿವಾರ ಅವನಿಗೆ ಡಯಾಲಿಸಿಸ್.
ಕರೆದೊಯ್ಯುವುದು ನನ್ನ ಕಾರು:
ಹೆಸರು ಜಪಾನಿನದು, ಹುಟ್ಟಿದ್ದು ಪಕ್ಕದ ಒಹಾಯೋದಲ್ಲಿ.
ಅವನು ಆಣೆಯಿಟ್ಟು ಓಡಿಸಿದ ಕಂಪನಿಯ ಟ್ರಕ್ಕು
ಮೆಕ್ಸಿಕೋದಿಂದ ಬರುತ್ತದೆ.
ಇದನ್ನು ನಾನು ಹೇಳಿಲ್ಲ. ಅವನಿಗೆ ಗೊತ್ತು.
ಮೊದಲ ದಿನ ಬಾಗಿಲ ಬಳಿ ಕೋಲೂರಿ ನಿಂತೇ ಇದ್ದ,
ಟೋಪಿಯ ಮೇಲೆ ಹಿಮ ಬೀಳುತ್ತಿತ್ತು,
ನಾನು ಏನೂ ಅನ್ನದೆ ಹೀಟರ್ ಹಾಕಿದೆ.
ಮೂರನೇ ವಾರ, ಸೇತುವೆ ದಾಟುವಾಗ, ಕಿಟಕಿಯ ಕಡೆ ತಿರುಗಿ,
'ಸೀಟು ಪರವಾಗಿಲ್ಲ.'
ಆಮೇಲೆ, ಆಸ್ಪತ್ರೆಯ ಗೇಟಿನ ಹತ್ತಿರ,
'ಸ್ಟೀರಿಂಗು ಯಾರು ಮಾಡಿದ್ದು?'
ಗೊತ್ತಿಲ್ಲ ಅಂದೆ.
'ಹಗುರ ತಿರುಗುತ್ತೆ,' ಅಂದ, ತನ್ನ ಅಂಗೈ ನೋಡಿಕೊಂಡು.

ಚೀಟಿ ಕಿತ್ತ ಜಾಗದಲ್ಲಿ ಬಿಸಿಲು ಕಾಣದ ಬಣ್ಣ.
ಎಷ್ಟು ಪಾಲಿಶ್ ತಿಕ್ಕಿದರೂ ಸಂಜೆಯ ಓರೆ ಬೆಳಕಿಗೆ
ಅಲ್ಲೊಂದು ಆಯತ ಮೈತುಂಬಿ ನಿಲ್ಲುತ್ತದೆ.
ಕೊಳ್ಳಲು ಬಂದವರು ಬೆರಳಾಡಿಸಿ ಕೇಳುತ್ತಾರೆ,
ಇಲ್ಲಿ ಏನು ಬರೆದಿತ್ತು?
ನಾನು ಅವರ ಟೋಪಿ ನೋಡುತ್ತೇನೆ, ಚೀಲ ನೋಡುತ್ತೇನೆ,
ಯಾವುದೋ ಮಕ್ಕಳ ಶಾಲೆಯ ಹೆಸರು, ಅನ್ನುತ್ತೇನೆ.